ಕ್ರೈಸ್ತ ಆಡಳಿತದ ಶಾಲೆಗೇ ಮಕ್ಕಳನ್ನು ಸೇರಿಸುವುದೇಕೆ?

ಪ್ರಶ್ನೆ: ಬಂಟ್ವಾಳದ ಅಪ್ಪ

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ನಮ್ಮ ಮಗಳು ಒಂದನೇ ತರಗತಿಗೆ ಸೇರಬೇಕು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಿದೆ. ಎರಡು ಕಿಲೋಮೀಟರ್ ಆಚೆ ನಮ್ಮ ಸಮುದಾಯದವರೇ ನಡೆಸುವ ಆಂಗ್ಲ ಮಾಧ್ಯಮ ಶಾಲೆಯಿದೆ. ಆರು ಕಿಲೋಮೀಟರ್ ದೂರದ ಪೇಟೆಯಲ್ಲಿ ಸಿಸ್ಟರುಗಳು ನಡೆಸುವ ಕಾನ್ವೆಂಟ್ ಇದೆ. ನಮ್ಮ ರಸ್ತೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳು ಹನ್ನೊಂದು. ಅವುಗಳಲ್ಲಿ ಏಳು ಮನೆಯವರು ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಮಕ್ಕಳನ್ನು ಕಾನ್ವೆಂಟಿನ ವ್ಯಾನು ಹತ್ತಿಸುತ್ತಾರೆ. ಆ ಏಳರಲ್ಲಿ ಕ್ರೈಸ್ತರ ಮನೆ ಒಂದೇ ಒಂದು.

ಏಕೆ ಅಲ್ಲಿಗೇ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ: "ಅಲ್ಲಿ ಶಿಸ್ತು ಇದೆ." ಶಿಸ್ತು ಎಂದರೆ ಏನು ಎಂದು ಕೇಳಿದರೆ ನಗುತ್ತಾರೆ, ಇಲ್ಲವೇ "ಒಮ್ಮೆ ಹೋಗಿ ನೋಡಿ" ಎನ್ನುತ್ತಾರೆ. ಪತ್ನಿಗೆ ಕಾನ್ವೆಂಟೇ ಆಗಬೇಕು, ಏಕೆಂದರೆ ಅವಳೂ ಅವಳ ತಾಯಿಯೂ ಓದಿದ್ದು ಅಲ್ಲಿಯೇ. ನಮ್ಮ ತಂದೆಯವರಿಗೆ ಬೆಳಗಿನ ಪ್ರಾರ್ಥನೆಯ ವಿಷಯದಲ್ಲಿ ಅಸಮಾಧಾನವಿದೆ. ಬಾಯಿಬಿಟ್ಟು ಹೇಳುವುದಿಲ್ಲ, ಆ ಮಾತು ಬಂದಾಗ ಪತ್ರಿಕೆ ತೆರೆದು ಕೂರುತ್ತಾರೆ. ಯಾವ ಶಾಲೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ವಾದ ನನಗೆ ಬೇಕಾಗಿಲ್ಲ. ಮಕ್ಕಳನ್ನು ಅಲ್ಲಿಗೆ ಕಳುಹಿಸಿದವರು ನಿಜವಾಗಿ ಏನನ್ನು ಬಯಸಿ ಕಳುಹಿಸಿದಿರಿ, ಬಯಸಿದ್ದು ದೊರೆಯಿತೇ ಎಂಬುದನ್ನು ತಿಳಿಸಿದರೆ ಉಪಕಾರವಾದೀತು.

ಉತ್ತರ 1: ನಿವೃತ್ತ ಮಾಸ್ಟ್ರು

ಇಗರ್ಜಿಯ (ಚರ್ಚಿನ) ಆಡಳಿತಕ್ಕೆ ಸೇರಿದ ಅನುದಾನಿತ ಕನ್ನಡ ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ನಾನು ಕ್ರೈಸ್ತನಲ್ಲ, ನಮ್ಮ ಶಾಲೆಯ ಶಿಕ್ಷಕರಲ್ಲಿ ಅರ್ಧದಷ್ಟು ಮಂದಿ ಕ್ರೈಸ್ತರಾಗಿರಲಿಲ್ಲ.

ಮೊದಲು ಆ ಪದದ ವಿಷಯ. ನಮ್ಮ ರಾಜ್ಯದಲ್ಲಿ ಇಂಗ್ಲಿಷ್ ಕಲಿಸುವ ಖಾಸಗಿ ಶಾಲೆಗಳಿಗೆಲ್ಲ ಜನ ಕಾನ್ವೆಂಟ್ ಎಂದೇ ಹೇಳುತ್ತಾರೆ. ಸನ್ಯಾಸಿನಿಯರ ಮಠ ಎಂಬುದು ಆ ಪದದ ಮೂಲಾರ್ಥ. ಒಬ್ಬ ಸನ್ಯಾಸಿನಿಯೂ ಕಾಲಿಡದ, ಬಾಡಿಗೆ ಕಟ್ಟಡದ ಎರಡನೆಯ ಮಹಡಿಯ ಶಾಲೆಯ ಫಲಕದ ಮೇಲೂ ಅದನ್ನು ನಾನು ಕಂಡಿದ್ದೇನೆ. ಆದ್ದರಿಂದ "ಕಾನ್ವೆಂಟಿಗೆ ಸೇರಿಸಿದೆವು" ಎನ್ನುವವರಲ್ಲಿ ಎಲ್ಲರೂ ಕ್ರೈಸ್ತ ಶಾಲೆಯನ್ನು ಆರಿಸಿಕೊಂಡವರಲ್ಲ. ನಿಮ್ಮ ನೆರೆಯವರು ಕಳುಹಿಸುತ್ತಿರುವುದು ಸಿಸ್ಟರುಗಳೇ ನಡೆಸುವ ಶಾಲೆಗೆ, ಆದ್ದರಿಂದ ನಿಮ್ಮ ಪ್ರಶ್ನೆಗೆ ಅರ್ಥವಿದೆ.

ಇಂಗ್ಲಿಷ್ ದೊಡ್ಡ ಕಾರಣ, ಅದನ್ನು ಮರೆಮಾಚುವುದು ಬೇಡ. ನಮ್ಮಲ್ಲಿ ಇಗರ್ಜಿಯ ಎಡಗಡೆ ಕನ್ನಡ ಶಾಲೆ, ಬಲಗಡೆ ಆಂಗ್ಲ ಮಾಧ್ಯಮ ಶಾಲೆ. ಫಾದರ್ ಒಬ್ಬರೇ, ಆಡಳಿತ ಒಂದೇ, ಮೈದಾನ ಒಂದೇ, ನೀರಿನ ಟಾಂಕಿಯೂ ಒಂದೇ. ನಾನು ಸೇರಿದಾಗ ನಮ್ಮ ಕನ್ನಡ ಶಾಲೆಯಲ್ಲಿ ನಾಲ್ಕು ನೂರು ಮಕ್ಕಳಿದ್ದರು, ನಿವೃತ್ತನಾಗುವಾಗ ಐವತ್ತಾರು. ಸಂಬಳವನ್ನು ಸರ್ಕಾರ ಕೊಡುತ್ತಿತ್ತು, ಪಠ್ಯಪುಸ್ತಕ ಉಚಿತ, ಮಧ್ಯಾಹ್ನದ ಬಿಸಿಯೂಟವೂ ಇತ್ತು. ಆದರೂ ಬೆಂಚುಗಳು ಖಾಲಿ. ನಿವೃತ್ತರಾದ ಶಿಕ್ಷಕರ ಜಾಗ ತುಂಬಲು ಅನುಮತಿ ಬಾರದೆ, ಹಳೆ ವಿದ್ಯಾರ್ಥಿಗಳು ಚಂದಾ ಎತ್ತಿ ಇಬ್ಬರು ಗೌರವ ಶಿಕ್ಷಕಿಯರನ್ನು ಇಟ್ಟುಕೊಂಡಿದ್ದೆವು. ಅದೇ ಹೊತ್ತಿಗೆ ಬಲಗಡೆಯ ಕಟ್ಟಡದಲ್ಲಿ ಎಲ್‌ಕೆಜಿ ಅರ್ಜಿಗಾಗಿ ಬೆಳಗಿನ ಆರು ಗಂಟೆಗೇ ಸಾಲು. ಧರ್ಮವೋ ಶಿಸ್ತೋ ಒಂದೇ ಕಾರಣವಾಗಿದ್ದಿದ್ದರೆ ನಮ್ಮ ಶಾಲೆ ಬರಿದಾಗಬಾರದಿತ್ತು.

ವಿಚಿತ್ರವೆಂದರೆ ಈ ಶಾಲೆಗಳ ಬೇರು ಕನ್ನಡದಲ್ಲಿಯೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮೊದಲು ತೆರೆದದ್ದು ಕನ್ನಡ ಶಾಲೆಯನ್ನು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೊಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಇಬ್ಬರೂ ಆ ಮಿಷನ್ನಿನವರೇ. ಮತಪ್ರಚಾರ ಅವರ ಉದ್ದೇಶವಾಗಿತ್ತು, ಅದನ್ನು ಅವರೇನೂ ಬಚ್ಚಿಡಲಿಲ್ಲ. ಆದರೆ ಶಾಲೆಗೆ ಮಕ್ಕಳನ್ನು ಕಳುಹಿಸಿದ ಊರಿನವರ ಲೆಕ್ಕಾಚಾರ ಬೇರೆಯೇ ಇತ್ತು. ಓದು, ಬರಹ, ಗಣಿತ, ಕಚೇರಿಯಲ್ಲೊಂದು ಗುಮಾಸ್ತನ ಕೆಲಸ: ಇಷ್ಟನ್ನು ಪಡೆದುಕೊಂಡು ಉಳಿದದ್ದನ್ನು ಅಲ್ಲಿಯೇ ಬಿಟ್ಟುಬಂದವರೇ ಹೆಚ್ಚು. ಇಂದಿನ ತಂದೆತಾಯಂದಿರ ಲೆಕ್ಕವೂ ಬಹಳ ಬೇರೆಯಾಗಿದೆ ಎಂದು ನನಗನ್ನಿಸುವುದಿಲ್ಲ.

ಹಾಗಾದರೆ ಎರಡು ಕಿಲೋಮೀಟರ್ ಆಚೆಯ ಇಂಗ್ಲಿಷ್ ಶಾಲೆಯನ್ನು ಬಿಟ್ಟು ಆರು ಕಿಲೋಮೀಟರ್ ಏಕೆ ಹೋಗುತ್ತಾರೆ? ಜನ ಯಾವುದಕ್ಕೆ ಶಿಸ್ತು ಎನ್ನುತ್ತಾರೋ ಅದು ಬೆತ್ತವಲ್ಲ. ಶಾಲೆ ಯಾರೊಬ್ಬರ ಮನೆಯ ಆಸ್ತಿಯೂ ಅಲ್ಲ ಎಂಬ ಭರವಸೆ ಅದು. ಸಿಸ್ಟರಿಗೆ ಮಗನೂ ಇಲ್ಲ, ಅಳಿಯನೂ ಇಲ್ಲ. ಕೆಲವು ವರ್ಷಗಳಿಗೊಮ್ಮೆ ಮೇಲಿನವರಿಂದ ವರ್ಗಾವಣೆಯ ಪತ್ರ ಬಂದರೆ ಒಂದು ಪೆಟ್ಟಿಗೆ ಹಿಡಿದು ಹೊರಟುಬಿಡುತ್ತಾರೆ, ಮರುದಿನ ಇನ್ನೊಬ್ಬರು ಬರುತ್ತಾರೆ, ಗಂಟೆ ಅದೇ ಹೊತ್ತಿಗೆ ಬಾರಿಸುತ್ತದೆ. ಅಧ್ಯಕ್ಷರ ಮೊಮ್ಮಗನಿಗೊಂದು ನಿಯಮ, ರಿಕ್ಷಾದವರ ಮಗಳಿಗೊಂದು ನಿಯಮ ಎಂಬ ಅನುಮಾನ ಅಲ್ಲಿ ಕಡಿಮೆ. ಇನ್ನೊಂದನ್ನು ಹೆಣ್ಣುಮಕ್ಕಳ ತಾಯಂದಿರು ನನಗೆ ಎಷ್ಟೋ ಬಾರಿ ಹೇಳಿದ್ದಾರೆ: ಸಿಸ್ಟರುಗಳ ವಾಸ ಶಾಲೆಯ ಆವರಣದಲ್ಲಿಯೇ. ಮಳೆಗೆ ರಸ್ತೆ ಮುಳುಗಿ ಸಂಜೆ ಆರರವರೆಗೆ ವ್ಯಾನು ಬಾರದಿದ್ದರೂ ಮಗುವಿನ ಜೊತೆ ಜಗಲಿಯಲ್ಲಿ ಒಬ್ಬರು ಕುಳಿತಿರುತ್ತಾರೆ. ಮಂಗಳೂರಿನಲ್ಲಿ 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾದ ಕಾಲದಿಂದಲೂ, ಮಗಳನ್ನು ಪೇಟೆಗೆ ಕಳುಹಿಸಲು ಹಿಂಜರಿಯುತ್ತಿದ್ದ ಮನೆಗಳು "ಸಿಸ್ಟರುಗಳ ಹತ್ತಿರವಾದರೆ ಅಡ್ಡಿಯಿಲ್ಲ" ಎಂದು ಒಪ್ಪಿದ್ದನ್ನು ನಮ್ಮ ಜಿಲ್ಲೆಯ ಹಿರಿಯರನ್ನು ಕೇಳಿದರೆ ತಿಳಿಯುತ್ತದೆ. ನಿಮ್ಮ ಅತ್ತೆಯವರನ್ನು ಒಮ್ಮೆ ಕೇಳಿ ನೋಡಿ.

ಉತ್ತರ 2: ಮೂರು ಮಕ್ಕಳ ತಾಯಿ

ನಾವು ಕಥೊಲಿಕರು. ನಿಮ್ಮ ರಸ್ತೆಯ ಆ ಒಂದು ಕ್ರೈಸ್ತ ಮನೆಯಂಥದ್ದೇ ನಮ್ಮದೂ ಎಂದುಕೊಳ್ಳಿ. ನಮ್ಮವರು ನಮ್ಮ ಶಾಲೆಗೆ ಕಳುಹಿಸುವುದರಲ್ಲಿ ಕೇಳುವುದೇನಿದೆ ಎಂದು ನಿಮಗೆ ಅನ್ನಿಸಬಹುದು, ಆದರೆ ನಮ್ಮಲ್ಲಿಯೂ ಲೆಕ್ಕಾಚಾರ ನಡೆಯುತ್ತದೆ. ನನ್ನ ಅಣ್ಣ ತನ್ನ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದ. ಮನೆಗೆ ಹತ್ತಿರ, ಶುಲ್ಕ ಕಡಿಮೆ, ಮತ್ತು ದೊತೊರ್ನ್ (ಮಕ್ಕಳ ಧರ್ಮೋಪದೇಶದ ತರಗತಿ) ಹೇಗಿದ್ದರೂ ಭಾನುವಾರ ಇಗರ್ಜಿಯಲ್ಲಿ ಇದ್ದೇ ಇದೆಯಲ್ಲ ಎಂಬುದು ಅವನ ವಾದ. ಅದರಲ್ಲಿ ತಪ್ಪೇನೂ ಇಲ್ಲ.

ನಾನು ಬಯಸಿದ್ದು ಬೇರೆ. ಭಾನುವಾರ ಕಲಿತದ್ದು ಸೋಮವಾರದ ತರಗತಿಯಲ್ಲಿ ಹೊರಗಿನ ವಸ್ತುವಾಗಬಾರದು, ಮಗು ತನ್ನ ಕೊರಳಿನ ಶಿಲುಬೆಯನ್ನು ಅಂಗಿಯೊಳಗೆ ಸರಿಸಿಕೊಳ್ಳುವ ಪ್ರಸಂಗ ಬರಬಾರದು ಎಂಬ ಆಸೆಯಿತ್ತು. ಅಷ್ಟು ದೊರೆಯಿತು. ಆದರೆ ಶಾಲೆಯಲ್ಲಿ ಧರ್ಮ ತುಂಬಿ ತುಳುಕುತ್ತಿರುತ್ತದೆ ಎಂದು ನಾನು ಅಂದುಕೊಂಡಿದ್ದು ಸುಳ್ಳಾಯಿತು. ವಾರಕ್ಕೆ ಎರಡು ಪೀರಿಯಡ್ ನಮ್ಮ ಮಕ್ಕಳಿಗೆ ಧರ್ಮೋಪದೇಶ. ಅದೇ ಹೊತ್ತಿನಲ್ಲಿ ಉಳಿದವರಿಗೆ ಮೌಲ್ಯ ಶಿಕ್ಷಣ. ತಿಂಗಳ ಮೊದಲ ಶುಕ್ರವಾರ ನಮ್ಮವರಿಗೆ ಬಲಿಪೂಜೆ (ಮಾಸ್). ನನ್ನ ಎರಡನೆಯ ಮಗಳ ತರಗತಿಯಲ್ಲಿ ನಲವತ್ತೆಂಟು ಮಕ್ಕಳಿದ್ದು ನಮ್ಮವರು ಒಂಬತ್ತೇ ಮಂದಿ, ಹಾಗಾಗಿ ಒಂಬತ್ತು ಮಕ್ಕಳು ಎದ್ದು ಬೇರೆ ಕೋಣೆಗೆ ಹೋಗುತ್ತಾರೆ. ಮೊದಲ ಪರಮಪ್ರಸಾದದ (ಫಸ್ಟ್ ಕಮ್ಯುನಿಯನ್) ಸಿದ್ಧತೆ ಪೂರ್ತಿಯಾಗಿ ನಡೆದದ್ದು ಧರ್ಮಕೇಂದ್ರದಲ್ಲಿ, ಶಾಲೆಯಲ್ಲಲ್ಲ.

ನಿಮ್ಮ ತಂದೆಯವರ ಅಸಮಾಧಾನಕ್ಕೆ ಸಂಬಂಧಿಸಿ ಒಂದು ಸಂಗತಿ. ನಮ್ಮ ಪಕ್ಕದ ಮನೆಯ ಭಟ್ಟರ ಮೊಮ್ಮಗಳು ಯುಕೆಜಿಯಲ್ಲಿದ್ದಾಗ ಒಂದು ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತು ಹಣೆ, ಎದೆ, ಎರಡೂ ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಮಾಡಿದಳಂತೆ. ಅಜ್ಜಿ ಅನ್ನ ಬಡಿಸುವುದನ್ನು ನಿಲ್ಲಿಸಿ, "ಅದು ಮುಗಿಯಿತಲ್ಲ, ಇನ್ನು ಗೋವಿಂದ ಹೇಳು" ಎಂದರಂತೆ. ಮಗು ಅದನ್ನೂ ಹೇಳಿ ಉಂಡಿತು. ಇದನ್ನು ನನಗೆ ಹೇಳಿದ್ದು ಆ ಅಜ್ಜಿಯೇ, ನಮ್ಮ ಮನೆಯ ಕ್ರಿಸ್ಮಸ್ ತಿಂಡಿ ಕುಸ್ವಾರ್ ತಿನ್ನುತ್ತಾ. ಎಲ್ಲರೂ ಅವರ ಹಾಗೆ ಹಗುರವಾಗಿ ತೆಗೆದುಕೊಳ್ಳುತ್ತಾರೆ ಎಂದು ನಾನು ಹೇಳುವುದಿಲ್ಲ, ತೆಗೆದುಕೊಳ್ಳಲೇಬೇಕೆಂದೂ ಇಲ್ಲ.

ಉತ್ತರ 3: ಶಿವಮೊಗ್ಗದಿಂದ

ಮಾಸ್ಟ್ರು ಬರೆದದ್ದನ್ನು ಗೌರವದಿಂದ ಓದಿದೆ, ಆದರೆ ಇನ್ನೊಂದು ಮುಖವೂ ಇದೆ. ಶಿಸ್ತು ಎಂಬ ಮಾತನ್ನು ನಂಬಿಯೇ ನಾವು ಮಗಳನ್ನು ಇಂಥ ಶಾಲೆಯೊಂದಕ್ಕೆ ಸೇರಿಸಿ, ನಾಲ್ಕನೆಯ ತರಗತಿಯಲ್ಲಿ ಬಿಡಿಸಿದೆವು. ಶಾಲೆಯ ಹೆಸರು ಬೇಡ. ಕನ್ನಡ ಮಾತನಾಡಿದರೆ ಹತ್ತು ರೂಪಾಯಿ ದಂಡ. ತರಗತಿಯ ಲೀಡರ್ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳಬೇಕು. ಬಿದ್ದು ಮೊಣಕಾಲು ಒಡೆದುಕೊಂಡ ಮಗು "ಅಮ್ಮಾ" ಎಂದು ಕೂಗಿದ್ದಕ್ಕೂ ಆ ಪುಸ್ತಕದಲ್ಲಿ ಹೆಸರು ಬಂದಿತ್ತು. ಸೋದರತ್ತೆಯ ಮದುವೆಯ ಮೆಹಂದಿ ಕೈಯಲ್ಲಿದ್ದುದಕ್ಕೆ ಎರಡು ದಿನ ತರಗತಿಯ ಹೊರಗೆ ನಿಲ್ಲಿಸಿದರು. ಬಳೆ ಬೇಡ, ಹೂ ಬೇಡ ಎಂಬ ನಿಯಮ ಎಲ್ಲರಿಗೂ ಒಂದೇ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದರು. ನಿಯಮ ಒಂದೇ ಇರಬಹುದು, ಆದರೆ ಯಾರ ಮನೆಯ ಮಕ್ಕಳ ಕೈಯಲ್ಲಿ ಬಳೆ ಇರುತ್ತದೆ, ಮುಡಿಯಲ್ಲಿ ಹೂ ಇರುತ್ತದೆ?

ಇದು ಕ್ರೈಸ್ತ ಶಾಲೆಗಳ ರೋಗ ಎಂದು ನಾನು ಹೇಳುತ್ತಿಲ್ಲ. ಕನ್ನಡಕ್ಕೆ ದಂಡ ಹಾಕುವ ಹಿಂದೂ ಆಡಳಿತದ ಶಾಲೆಗಳನ್ನೂ ಬಲ್ಲೆ. ಮಗಳು ಈಗ ಸರ್ಕಾರಿ ಶಾಲೆಯಲ್ಲಿದ್ದಾಳೆ. ಅಲ್ಲಿ ಅವಳ ಇಂಗ್ಲಿಷ್ ಸ್ವಲ್ಪ ಹಿಂದೆ ಬಿದ್ದಿದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಉತ್ತರ 4: ವಕೀಲ, ಬೆಂಗಳೂರು

ಭಾವನೆಯ ಮಾತುಗಳ ನಡುವೆ ಕಾನೂನಿನ ಎರಡು ವಿಷಯ ಸೇರಿಸುತ್ತೇನೆ.

ಸಂವಿಧಾನದ 30ನೆಯ ವಿಧಿಯಂತೆ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕಿದೆ. ಆ ಹಕ್ಕಿನ ಎದುರಿಗೆ 28(3) ನಿಂತಿದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ. ಇಲ್ಲಿ 'ಒಪ್ಪಿಗೆ' ಎಂಬುದು ಮುಖ್ಯ. 2022ರಲ್ಲಿ ಬೆಂಗಳೂರಿನ ಶಾಲೆಯೊಂದರ ಪ್ರವೇಶ ಅರ್ಜಿಯಲ್ಲಿ, ಮಗು ಬೈಬಲ್ ತರುವುದಕ್ಕೆ ಆಕ್ಷೇಪವಿಲ್ಲ ಎಂಬ ಮುಚ್ಚಳಿಕೆಯ ಸಾಲಿದೆ ಎಂದು ವಿವಾದವೆದ್ದಿತ್ತು. ಆದ್ದರಿಂದ ನಿಮ್ಮ ತಂದೆಯವರ ಚಿಂತೆಗೆ ಪರಿಹಾರ ಅರ್ಜಿಯಲ್ಲಿಯೇ ಇದೆ. ಸಹಿ ಮಾಡುವ ಮುನ್ನ ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಿ.

ಎರಡನೆಯದು ಹಣದ ವಿಷಯ. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪು ಕೊಟ್ಟಿತು. ಬಡ, ಹಿಂದುಳಿದ ಮನೆಯ ಮಕ್ಕಳಿಗೆಂದು ಆ ಕಾಯ್ದೆ (ಆರ್‌ಟಿಇ) ಮೀಸಲಿಟ್ಟ ಶೇ 25ರ ಸೀಟು ಅಲ್ಲಿ ಸಿಗದಿರುವುದಕ್ಕೆ ಇದೇ ಕಾರಣ. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆಯೇ ಅನುಮಾನ ವ್ಯಕ್ತಪಡಿಸಿ ದೊಡ್ಡ ಪೀಠದ ಪರಿಶೀಲನೆಗೆ ಸೂಚಿಸಿದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ 2021ರ ವರದಿಯ ಪ್ರಕಾರ, ದೇಶದ ಕ್ರೈಸ್ತ ಅಲ್ಪಸಂಖ್ಯಾತ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳಲ್ಲಿ ಶೇ 74ರಷ್ಟು ಮಂದಿ ಅಲ್ಪಸಂಖ್ಯಾತ ಸಮುದಾಯಗಳಿಗೆ ಸೇರಿದವರಲ್ಲ. ಎಂದರೆ ಶುಲ್ಕ ಕೊಡಬಲ್ಲ ಇತರ ಸಮುದಾಯದವರಿಗೆ ಬಾಗಿಲು ತೆರೆದಿದೆ, ಕೊಡಲಾಗದವರಿಗೆ ಕಾಯ್ದೆಯ ದಾರಿಯಿಲ್ಲ. "ಅಲ್ಲಿ ಒಳ್ಳೆಯ ವಾತಾವರಣ" ಎಂದು ಹೇಳುವಾಗ, ಯಾವ ಮಕ್ಕಳು ಅಲ್ಲಿ ಇಲ್ಲ ಎಂಬುದೂ ಆ ಮಾತಿನೊಳಗೆ ಸೇರಿರುತ್ತದೆ. ಅದನ್ನು ನಮ್ಮ ಮಧ್ಯಮವರ್ಗದವರು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ನನ್ನ ಮಕ್ಕಳೂ ಅಂಥ ಶಾಲೆಯಲ್ಲಿಯೇ ಓದಿದರು. ಆದ್ದರಿಂದ ಈ ಮಾತು ನನಗೂ ಸೇರಿದ್ದು.

ಕನ್ನಡದ ಬಗ್ಗೆ ಶಿವಮೊಗ್ಗದವರ ನೋವು ನ್ಯಾಯವಾದದ್ದು. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಂತೆ ರಾಜ್ಯದ ಶಾಲೆಗಳು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕು. ಕಲಿಸಲೇಬೇಕಾದ ಭಾಷೆಯನ್ನು ಆಡಿದ್ದಕ್ಕೆ ದಂಡ ಹಾಕಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಬಹುದು.

ಮರುಪ್ರತಿಕ್ರಿಯೆ: ಬಂಟ್ವಾಳದ ಅಪ್ಪ

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಅತ್ತೆಯವರನ್ನೂ ಕರೆದುಕೊಂಡು ಕಾನ್ವೆಂಟಿಗೆ ಹೋಗಿದ್ದೆ. ಮಾಸ್ಟ್ರು ಹೇಳಿದಂತೆ ಅತ್ತೆಯವರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: ಅವರ ತಂದೆ ಏಳನೆಯ ತರಗತಿಗೆ ಓದು ನಿಲ್ಲಿಸಬೇಕೆಂದಿದ್ದಾಗ, ಒಬ್ಬ ಸಿಸ್ಟರ್ ಮನೆಯವರೆಗೆ ನಡೆದು ಬಂದು, ಅಂಗಳದಲ್ಲಿ ನಿಂತು ಮಾತನಾಡಿ ಹೋದರಂತೆ. ಅದಾದ ಮೇಲೆ ಅವರು ಎಸ್ಎಸ್ಎಲ್‌ಸಿ ಮುಗಿಸಿದರು. ಪತ್ನಿ ಅಲ್ಲಿ ಓದಿದ್ದಕ್ಕೆ ಇದೇ ಕಾರಣ ಎಂಬುದು ಮದುವೆಯಾಗಿ ಒಂಬತ್ತು ವರ್ಷವಾದರೂ ನನಗೆ ತಿಳಿದಿರಲಿಲ್ಲ.

ಮುಖ್ಯೋಪಾಧ್ಯಾಯಿನಿಯವರನ್ನು ಮೂರು ವಿಷಯ ಕೇಳಿದೆ. ಪ್ರಾರ್ಥನೆಯ ಸಮಯದಲ್ಲಿ ಎದ್ದು ನಿಂತರೆ ಸಾಕು, ಹೇಳಲೇಬೇಕೆಂದಿಲ್ಲ ಎಂದರು. ಅರ್ಜಿಯಲ್ಲಿಯೂ ಮುಚ್ಚಳಿಕೆಯ ಸಾಲು ಕಾಣಲಿಲ್ಲ. ತುಳು, ಕನ್ನಡಕ್ಕೆ ದಂಡವಿದೆಯೇ ಎಂದಾಗ ನಕ್ಕು, "ಮೊದಲು ಇತ್ತು, ಈಗ ಇಲ್ಲ" ಎಂದರು. ಅಷ್ಟರಲ್ಲಿ ಕಾರಿಡಾರಿನಲ್ಲಿ ಇಬ್ಬರು ಹುಡುಗಿಯರು ತುಳುವಿನಲ್ಲಿ ಜಗಳವಾಡುತ್ತಾ ಹೋದದ್ದು ಕೇಳಿಸಿತು, ಯಾರೂ ತಡೆಯಲಿಲ್ಲ. ಒಂದನೇ ತರಗತಿಯಲ್ಲಿ ಎಷ್ಟು ಮಕ್ಕಳು ಎಂದು ಕೇಳಿದ್ದಕ್ಕೆ ಐವತ್ತೆರಡು ಎಂದರು. ಅದು ನನಗೆ ಹಿಡಿಸಲಿಲ್ಲ.

ತಂದೆಯವರಿಗೆ ಪ್ರಾರ್ಥನೆಯ ವಿಷಯ ತಿಳಿಸಿದೆ. ಅವರು ಪತ್ರಿಕೆ ಮಡಿಸಿಟ್ಟು, ಆರು ವರ್ಷದ ಮಗು ಬೆಳಿಗ್ಗೆ ಏಳೂಮುಕ್ಕಾಲಕ್ಕೆ ವ್ಯಾನು ಹತ್ತಬೇಕಾದರೆ ಎಷ್ಟು ಹೊತ್ತಿಗೆ ಏಳಬೇಕು ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ. ಈ ವಾರ ನಡೆದು ಹೋಗುವ ದೂರದ ಸರ್ಕಾರಿ ಶಾಲೆಯನ್ನೂ ನೋಡಿ ಬರುತ್ತೇನೆ.