ಹೆಡ್ ಗ್ಯಾಸ್ಕೆಟ್ ಹೋದರೆ ನೀರು 'ಸೋರುತ್ತದೆ' ಅನ್ನಬಹುದಾ?

ದೋಣಿಯ ಹಿಂಬದಿಗೆ ಸಿಕ್ಕಿಸುವ ಸಣ್ಣ ಔಟ್‌ಬೋರ್ಡ್ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಮುಚ್ಚಳವಾದ 'ಹೆಡ್'ಗೂ ನಡುವೆ ಕೂರುವ ಹಾಳೆ) ಬದಲಿಸುವುದು ಹೇಗೆ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದುವವರು ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಓದುವವರು. ಕೆಲವು ಕಡೆ ಪದ ಹೊಂದುತ್ತಿಲ್ಲ.

ಗ್ಯಾಸ್ಕೆಟ್‌ಗೆ ಹೊಸ ಪದ ಕೇಳುತ್ತಿಲ್ಲ. 'ಸಂದುಪಟ್ಟಿ', 'ತಡೆಹಾಳೆ' ಅಂತೆಲ್ಲ ಕಟ್ಟಬಹುದು, ಆದರೆ ಬಿಡಿಭಾಗ ಕೊಳ್ಳಲು ಹೋದವರಿಗೆ ಅದರಿಂದ ಏನು ಉಪಯೋಗ? ತೊಡಕಿರುವುದು 'ಪ್ಯಾಕಿಂಗ್' ಅನ್ನುವ ಮಾತಿನಲ್ಲಿ. ಮೆಕ್ಯಾನಿಕ್‌ಗಳ ಬಾಯಲ್ಲಿ ಸೋರದಂತೆ ತಡೆಯುವುದೆಲ್ಲ ಪ್ಯಾಕಿಂಗೇ. ಎರಡು ಲೋಹದ ಮೈಗಳ ನಡುವೆ ಕೂರುವ ಚಪ್ಪಟೆ ಹಾಳೆ ಗ್ಯಾಸ್ಕೆಟ್. ತಿರುಗುವ ಶಾಫ್ಟನ್ನು ಸುತ್ತಲೂ ಅಪ್ಪಿಕೊಂಡಿರುವ ರಬ್ಬರ್ ತುಟಿಯದ್ದು ಆಯಿಲ್ ಸೀಲ್. ಕೆಳಗಿನ ಗೇರ್ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ಅದಕ್ಕೆ ನೀರು ಸೇರಿದೆ ಅಂತ ಅರ್ಥ. ಆಗ ನೋಡಬೇಕಾದ್ದು ಸೀಲ್, ಇಲ್ಲವೇ ಡ್ರೈನ್ ಸ್ಕ್ರೂ ಕೆಳಗಿನ ಪುಟ್ಟ ವಾಷರ್. 'ಪ್ಯಾಕಿಂಗ್ ಬದಲಿಸಿ' ಅಂತ ಬರೆದರೆ ಯಾರಾದರೂ ಸುಮ್ನೆ ಹೆಡ್ ಬಿಚ್ಚಿಯಾರು. ಹಾಗಾಗಿ ಗ್ಯಾಸ್ಕೆಟ್, ಸೀಲ್, ವಾಷರ್ ಮೂರನ್ನೂ ಬೇರೆ ಬೇರೆಯಾಗೇ ಉಳಿಸಿಕೊಂಡಿದ್ದೇನೆ.

ನಿಜವಾದ ಪ್ರಶ್ನೆ ಕ್ರಿಯಾಪದದ್ದು. ಜೋಡಣೆಯ ಅಂಚಿನಲ್ಲಿ ಎಣ್ಣೆಯ ಪಸೆ ಕಂಡರೆ 'ಒಸರುತ್ತದೆ' ಅನ್ನುತ್ತೇವೆ. ಸಣ್ಣಗೆ ಹೊರಬಂದರೆ ಜಿನುಗುತ್ತದೆ, ಹನಿಹನಿ ಬಿದ್ದರೆ ತೊಟ್ಟಿಕ್ಕುತ್ತದೆ, ಧಾರಾಳವಾಗಿ ಹೋದರೆ ಸೋರುತ್ತದೆ. ಇಷ್ಟು ಚೆಂದದ ಪದಗಳಿದ್ದೂ ಎಲ್ಲದಕ್ಕೂ 'ಲೀಕ್' ಅಂದುಬಿಡುತ್ತೇವೆ, ಅಲ್ವಾ? ಆದರೆ ಇವೆಲ್ಲ ಹೊರಗೆ ಕಾಣುವ ಸೋರಿಕೆಗೆ ಸರಿ. ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ಟಿನ ಒಂದು ಬದಿ ಬೆಂಕಿ, ಇನ್ನೊಂದು ಬದಿ ನೀರಿನ ದಾರಿ. ನಡುವಿನ ಪಟ್ಟಿ ಸುಟ್ಟರೆ ಹೊರಗೆ ಒಂದು ಹನಿಯೂ ಕಾಣದಿರಬಹುದು. ನೀರು ನೇರ ಸಿಲಿಂಡರಿಗೆ ಹೋಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಅದರ ತುದಿಯಲ್ಲಿ ನೀರಿನ ಹನಿಯೋ ತುಕ್ಕೋ ಕಂಡಾಗಲೇ ಗೊತ್ತಾಗುವುದು. ಇದಕ್ಕೆ 'ಸೋರುತ್ತದೆ' ಅಂದರೆ ಓದುವವರು ಹೊರಗೆ ಹುಡುಕುತ್ತಾರೆ. ಸದ್ಯಕ್ಕೆ 'ಸಿಲಿಂಡರಿಗೆ ನೀರು ಇಳಿಯುತ್ತದೆ' ಅಂತ ಬರೆದಿದ್ದೇನೆ. 'ನುಗ್ಗುತ್ತದೆ' ಅನ್ನುವುದು ಜಾಸ್ತಿ ಆಯಿತು ಅನಿಸಿತು. ಆದರೆ ಈ ಎಂಜಿನ್ನುಗಳಲ್ಲಿ ಸಿಲಿಂಡರ್ ಸಾಮಾನ್ಯವಾಗಿ ಅಡ್ಡ ಮಲಗಿರುತ್ತದೆ. ಇಳಿಯುವುದು ಅಂದರೆ ಮೇಲಿನಿಂದ ಕೆಳಕ್ಕೆ ಅಂತ ಹಟ ಹಿಡಿಯುವವರಿಗೆ ಏನು ಹೇಳಲಿ?

ಇನ್ನೊಂದು, ಹಳೆಯ ಗ್ಯಾಸ್ಕೆಟ್ಟಿನ ಚೂರು ತೆಗೆಯುವುದು. 'ಕೆರೆಯಿರಿ' ಅಂತ ಬರೆದರೆ ಚಾಕು ಹಿಡಿಯುತ್ತಾರೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಒಂದು ಗೀರು ಬಿದ್ದರೂ ಹೊಸ ಗ್ಯಾಸ್ಕೆಟ್ ಹಾಕಿದ ಮೇಲೂ ಸೋರಲು ಅಲ್ಲೇ ದಾರಿ. ಪ್ಲಾಸ್ಟಿಕ್ ಪಟ್ಟಿಯಿಂದ 'ಎಬ್ಬಿಸಿ ತೆಗೆಯಿರಿ' ಅನ್ನುವುದು ವಾಸಿ ಅನಿಸಿದೆ.

ಬೋಲ್ಟ್‌ಗಳ ವಿಷಯಕ್ಕೆ 'ನಡುವಿನಿಂದ ಶುರು ಮಾಡಿ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ' ಅಂತ ಹಾಕಿದ್ದೇನೆ. ಇಲ್ಲಿ 'ಸುತ್ತು' ಅಂದರೆ ಬೋಲ್ಟ್ ತಿರುಗುವ ಸುತ್ತು ಅಂದುಕೊಳ್ಳುವ ಅಪಾಯ ಇದೆ. ನನಗೆ ಬೇಕಿರುವುದು ಎಲ್ಲ ಬೋಲ್ಟ್‌ಗಳನ್ನೂ ಸ್ವಲ್ಪ ಬಿಗಿದು, ಮತ್ತೆ ಮೊದಲಿನಿಂದ ಇನ್ನಷ್ಟು ಬಿಗಿಯುವ ಅರ್ಥ. 'ಹಂತ' ಸರಿಹೋಗುತ್ತದಾ, 'ಸರದಿ'ಯಾ? ಕೆಲಸ ಮಾಡುವವರ ಬಾಯಲ್ಲಿ ಬೇರೇನಾದರೂ ಇದ್ದರೆ ಅದೇ ಬೇಕು.