ಸಹಾಯ ಬೇಕು: ಲಿನಕ್ಸ್‌ನಿಂದ ಪ್ಲೇಯರ್‌ಗೆ ಹಾಕಿದ ಹಾಡುಗಳ ಸಾಲು ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಅಂತ ಒಂದು ಚಿಕ್ಕ ಎಂಪಿ3 ಪ್ಲೇಯರ್ ತಂದಿದ್ದೇನೆ. ಅವರಿಗೆ ಫೋನ್ ಬೇಡ. ಬಟನ್ ಒತ್ತಿದರೆ ದಾಸರ ಪದ ಬರಬೇಕು, ಅಷ್ಟೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಲಿನಕ್ಸ್ ಮಿಂಟ್. ಕೇಬಲ್ ಹಾಕಿದರೆ ಪ್ಲೇಯರ್ ಪೆನ್‌ಡ್ರೈವ್ ತರಹ ಕಾಣಿಸುತ್ತದೆ, ಅದರಲ್ಲಿ ಫೈಲ್ ಜೋಡಿಸಿಡುವ ವಿಧಾನ (ಫೈಲ್ ಸಿಸ್ಟಮ್) ಫ್ಯಾಟ್32. ಮೊದಲು ಕೆಲವು ಹಾಡು ಅರ್ಧಕ್ಕೇ ನಿಲ್ಲುತ್ತಿದ್ದವು. ಕಾಪಿ ಮುಗಿದ ಕೂಡಲೇ ಕೇಬಲ್ ಎಳೆಯುತ್ತಿದ್ದೆ, ಡೇಟಾ ಇನ್ನೂ ಪೂರ್ತಿ ಬರೆದಿರುತ್ತಿರಲಿಲ್ಲ. ಈಗ ಇಜೆಕ್ಟ್ ಮಾಡಿ ತೆಗೆಯುತ್ತೇನೆ, ಅದು ಸರಿಹೋಯಿತು.

ಆದರೆ 01, 02 ಅಂತ ಹೆಸರಿಟ್ಟರೂ ಹಾಡುಗಳು ಆ ಸಾಲಿನಲ್ಲಿ ಬರುವುದಿಲ್ಲ. ಕೆಲವು ಪ್ಲೇಯರ್‌ಗಳು ಹೆಸರು ನೋಡದೆ, ಫೋಲ್ಡರ್‌ನಲ್ಲಿ ಫೈಲ್ ಬರೆದಿರುವ ಸಾಲಿನಲ್ಲೇ ನುಡಿಸುತ್ತವೆ. ಆ ಸಾಲನ್ನು ಹೆಸರಿನ ಪ್ರಕಾರ ಜೋಡಿಸಲು ಫ್ಯಾಟ್‌ಸಾರ್ಟ್ ಅನ್ನೋ ಟೂಲ್ ಇದೆ, ಪ್ಲೇಯರನ್ನು ಅನ್‌ಮೌಂಟ್ ಮಾಡಿ (ಕೇಬಲ್ ತೆಗೆಯದೆ, ಲಿನಕ್ಸ್ ಅದರ ಫೈಲ್‌ಗಳನ್ನು ಬಳಸದಂತೆ ಬಿಡಿಸಿ) ಓಡಿಸಬೇಕು. ಯಾರಾದರೂ ಬಳಸಿದ್ದೀರಾ? ಫೈಲ್ ಹಾಳಾಗುವುದಿಲ್ಲ ಅಲ್ವಾ? ಒಂದೊಂದೇ ಕಾಪಿ ಮಾಡೋಣ ಅಂದರೆ 300 ಹಾಡುಗಳಿವೆ.

ಇನ್ನೊಂದು ವಿಷಯ. ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಚೌಕ ಕಾಣುತ್ತದೆ. ಹಾಡಿನ ಫೈಲ್ ಒಳಗೆ ಹೆಸರು, ಹಾಡಿದವರ ವಿವರ ಇರುವ ಟ್ಯಾಗನ್ನು ಐಡಿ3 ಆವೃತ್ತಿ 2.4ರಿಂದ 2.3ಕ್ಕೆ ಬದಲಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ಬಹುಶಃ ಅದರಲ್ಲಿ ಕನ್ನಡ ಫಾಂಟೇ ಇಲ್ಲ. ಇಂಗ್ಲಿಷ್‌ನಲ್ಲಿ ಹಾಕಿದರೆ ಅಮ್ಮನಿಗೆ ಓದಲು ಬರುವುದಿಲ್ಲ. ಏನಾದರೂ ದಾರಿ ಇದ್ದರೆ ದಯವಿಟ್ಟು ತಿಳಿಸಿ. ಭಾನುವಾರ ಊರಿಗೆ ಹೋಗುವಾಗ ತೆಗೆದುಕೊಂಡು ಹೋಗಬೇಕು.