ಆಟಿಕೆ ಆಧಾರಿತ ಆ್ಯಕ್ಷನ್ ಸಿನಿಮಾಗೆ ಒಳ್ಳೆ ಕಥೆ ಬೇಕೇ ಬೇಕಾ?

ಹಳೇ_ರೀಲು (ಪ್ರಶ್ನೆ):
ಕಾರು, ವಿಮಾನಗಳಾಗಿ ರೂಪ ಬದಲಿಸುವ ಆಟಿಕೆ ರೋಬೋಗಳ ಕಥೆಯಾದ ಟ್ರಾನ್ಸ್‌ಫಾರ್ಮರ್ಸ್ ಸರಣಿಯ ಗಳಿಕೆಯ ಲೆಕ್ಕ ನೋಡಿ. 2007ರ ಮೊದಲ ಚಿತ್ರ ಜಗತ್ತಿನಾದ್ಯಂತ ಸುಮಾರು 71 ಕೋಟಿ ಡಾಲರ್ ತಂದಿತು. 2009ರ ಎರಡನೆಯದನ್ನು ವಿಮರ್ಶಕರು ಹಿಗ್ಗಾಮುಗ್ಗಾ ಬೈದರು, ಆದರೂ ಗಳಿಕೆ 83 ಕೋಟಿ ದಾಟಿತು. 2011 ಮತ್ತು 2014ರ ಚಿತ್ರಗಳು ತಲಾ 110 ಕೋಟಿ ಮುಟ್ಟಿದವು. 2024ರ ‘ಟ್ರಾನ್ಸ್‌ಫಾರ್ಮರ್ಸ್ ವನ್’ ಆನಿಮೇಷನ್ ಚಿತ್ರಕ್ಕೆ ಕಥೆಯೂ ಗಟ್ಟಿ, ವಿಮರ್ಶೆಯೂ ಚೆನ್ನಾಗಿತ್ತು. ಬಂದದ್ದು 13 ಕೋಟಿಯ ಆಸುಪಾಸು. ಹಾಗಾದರೆ ಇಂಥ ಚಿತ್ರಗಳಿಗೆ ಕಥೆ ಅನ್ನೋದು ಊಟದ ಕೊನೆಯ ಬಾಳೆಹಣ್ಣಾ? ಇದ್ದರೆ ಸರಿ, ಇಲ್ಲದಿದ್ದರೂ ಎಲೆ ಎತ್ತಬಹುದಾ?

ಗಲ್ಲಾಪೆಟ್ಟಿಗೆ:
ಈ ಅಂಕಿಗಳನ್ನು ಒಂದು ಮನೆ ಹಿಂದಕ್ಕೆ ಸರಿಸಿ ಓದಬೇಕು. ಸರಣಿ ಚಿತ್ರದ ಮೊದಲ ವಾರದ ಟಿಕೆಟ್ ಮಾರುವುದು ಹಿಂದಿನ ಚಿತ್ರ. 2009ರ ಗಳಿಕೆಯಲ್ಲಿ ದೊಡ್ಡ ಪಾಲು 2007ರದ್ದಕ್ಕೆ ಸೇರಬೇಕು: ಹುಡುಗ, ಅವನ ಮೊದಲ ಕಾರು, ಆ ಕಾರಿಗೆ ಜೀವ ಇದೆ ಎಂಬ ಒಂದೇ ಎಳೆ. ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಸಾಲ ತೀರಿಸುವ ಸರದಿ ತಡವಾಗಿ ಬಂತು. 2017ರ ‘ದ ಲಾಸ್ಟ್ ನೈಟ್’ ಹಿಂದಿನದರ ಹತ್ತಿರ ಹತ್ತಿರ ಅರ್ಧಕ್ಕೆ, ಸುಮಾರು 60 ಕೋಟಿಗೆ ಕುಸಿಯಿತು. ಮರುವರ್ಷ ‘ಬಂಬಲ್‌ಬೀ’ ಬಂತು. ಚೊಕ್ಕ ಕಥೆ, ಸರಣಿಯಲ್ಲಿ ಅಲ್ಲಿಯವರೆಗೆ ಸಿಗದಷ್ಟು ಒಳ್ಳೆ ವಿಮರ್ಶೆ. ಗಳಿಕೆ ಮಾತ್ರ ಇನ್ನೂ ಕೆಳಗೆ, ಸುಮಾರು 47 ಕೋಟಿ. ತಪ್ಪು ಮಾಡಿದ್ದು ಅಣ್ಣ, ದಂಡ ಕಟ್ಟಿದ್ದು ತಮ್ಮ. ‘ವನ್’ ಚಿತ್ರಕ್ಕೂ ಆದದ್ದು ಬಹುಮಟ್ಟಿಗೆ ಇದೇ. ಒಳಗೆ ಹೋದವರು ಮೆಚ್ಚಿದರು, ಒಳಗೆ ಹೋಗುವವರೇ ಕಡಿಮೆಯಾಗಿದ್ದರು.

ಅಚ್ಚುಮಣೆ:
ಮೇಲಿನ ಮಾತು ಒಪ್ಪುತ್ತೇನೆ. ಆದರೆ ಆಟಿಕೆಗೆ ಕಥೆ ಆಮೇಲೆ ಸೇರಿಸಿದ ಒಗ್ಗರಣೆ ಅಂದುಕೊಂಡರೆ ಇತಿಹಾಸಕ್ಕೆ ತಪ್ಪುತ್ತೇವೆ. ಈ ರೋಬೋಗಳು ಜಪಾನಿನ ಟಕಾರ ಕಂಪನಿಯವು, ಡಯಾಕ್ಲೋನ್ ಮತ್ತು ಮೈಕ್ರೋಮ್ಯಾನ್ ಎಂಬ ಆಟಿಕೆ ಸರಣಿಗಳಿಂದ ಬಂದವು. ಡಯಾಕ್ಲೋನ್‌ನಲ್ಲಿ ಅವಕ್ಕೆ ಜೀವವೇ ಇರಲಿಲ್ಲ. ಒಳಗೆ ಬೆರಳ ತುದಿಯಷ್ಟು ಚಾಲಕನನ್ನು ಕೂರಿಸಿ ಓಡಿಸುವ ಯಂತ್ರಗಳವು.

1984ರಲ್ಲಿ ಆಟಿಕೆ ಕಂಪನಿ ಹ್ಯಾಸ್ಬ್ರೊ ಅದೇ ಪ್ಲಾಸ್ಟಿಕ್ಕನ್ನು ಅಮೆರಿಕದಲ್ಲಿ ಮಾರಲು ಹೊರಟಾಗ ಮೊದಲು ಹೋದದ್ದು ಬರಹಗಾರರ ಬಳಿಗೆ. ಮಾರ್ವೆಲ್ ಕಾಮಿಕ್ಸ್‌ನ ಜಿಮ್ ಶೂಟರ್ ಎರಡು ಪಂಗಡಗಳ ಯುದ್ಧದ ಹಂದರ ಹಾಕಿದರು. ಒಳ್ಳೆಯವರ ಪಂಗಡದ ನಾಯಕನಿಗೆ ಆಪ್ಟಿಮಸ್ ಪ್ರೈಮ್ ಎಂಬ ಹೆಸರು ಡೆನ್ನಿ ಓ’ನೀಲ್ ಅವರದು. ಬಾಬ್ ಬುಡಿಯಾನ್ಸ್ಕಿ ಉಳಿದ ಬಹುಪಾಲು ರೋಬೋಗಳಿಗೆ ಹೆಸರು, ಸ್ವಭಾವ, ದೌರ್ಬಲ್ಯ ಬರೆದರು. ಅದು ಡಬ್ಬಿಯ ಹಿಂಬದಿಯಲ್ಲೇ ಅಚ್ಚಾಯಿತು. ಜೊತೆಗೆ ಶಕ್ತಿ, ಬುದ್ಧಿ, ವೇಗ, ಧೈರ್ಯದ ಗೀಟುಪಟ್ಟಿ. ಡಬ್ಬಿಯಲ್ಲಿದ್ದ ಕೆಂಪು ಪ್ಲಾಸ್ಟಿಕ್ ಪಟ್ಟಿಯನ್ನು ಅದರ ಮೇಲಿಟ್ಟರೆ ಮಾತ್ರ ಗೀಟುಗಳು ಕಾಣುತ್ತಿದ್ದವು. ಸ್ಟಾರ್‌ಸ್ಕ್ರೀಮ್ ಅಂದರೆ ಬರೀ ಜೆಟ್ ವಿಮಾನವಲ್ಲ, ತನ್ನ ನಾಯಕನ ಗಾದಿಯ ಮೇಲೆ ಕಣ್ಣಿಟ್ಟವನು. ಮಗು ಆಡುವಾಗ ಆಡುತ್ತಿದ್ದುದು ಆ ಸ್ವಭಾವವನ್ನು.

ಇದನ್ನು ಮರೆತಾಗ ಏನಾಗುತ್ತದೆ ಅನ್ನೋದಕ್ಕೆ 1986ರ ಆನಿಮೇಷನ್ ಚಿತ್ರ ಸಾಕ್ಷಿ. ಹೊಸ ಆಟಿಕೆಗಳಿಗೆ ಜಾಗ ಮಾಡಲು ಆಪ್ಟಿಮಸ್‌ನನ್ನು ಚಿತ್ರದ ಮೊದಲರ್ಧದಲ್ಲೇ ಸಾಯಿಸಿದರು. ಥಿಯೇಟರ್‌ಗಳಲ್ಲಿ ಮಕ್ಕಳು ಬಿಕ್ಕಿ ಬಿಕ್ಕಿ ಅತ್ತರು. ಹೊಡೆತ ಎಷ್ಟಿತ್ತೆಂದರೆ ಅದೇ ಕಂಪನಿಯ ಸೈನಿಕ ಗೊಂಬೆಗಳ ಮೇಲಿನ 1987ರ ಜಿ.ಐ. ಜೋ ಚಿತ್ರದಲ್ಲಿ ಸಾಯಬೇಕಿದ್ದ ಡ್ಯೂಕ್ ಎಂಬ ಪಾತ್ರವನ್ನು ‘ಕೋಮಾದಲ್ಲಿದ್ದಾನೆ’ ಎಂದು ಸಂಭಾಷಣೆ ಸೇರಿಸಿ ಉಳಿಸಿದರು. ಆಪ್ಟಿಮಸ್ ಕೂಡ ಅದೇ ವರ್ಷ ಟಿವಿ ಸರಣಿಗೆ ಮರಳಿದ.

ಚೌಕಾಬಾರ:
ಕಥೆ ಬೇಕು, ಸರಿ. ಯಾವ ಕಥೆ? ಆಟಿಕೆಯ ನಿಯಮದಲ್ಲೇ ಇರುವ ಕಥೆ.

ಬ್ಯಾಟಲ್‌ಶಿಪ್ ಆಟ ತೆಗೆದುಕೊಳ್ಳಿ. 10×10 ಮನೆಗಳು, ಐದು ಹಡಗು: 5, 4, 3, 3, 2 ಮನೆ ಉದ್ದದವು, ಒಟ್ಟು 17 ಮನೆ. ಎದುರಾಳಿಯ ಹಡಗು ಕಾಣುವುದಿಲ್ಲ. ಅಕ್ಷರ, ಅಂಕಿ ಕೂಗಿ ಕತ್ತಲಲ್ಲಿ ಗುಂಡು ಹಾರಿಸಬೇಕು. ಅದರ ಜೀವ ಇರುವುದು ಆ ‘ಕಾಣದಿರುವಿಕೆ’ಯಲ್ಲಿ. ಅದೇ ಹೆಸರಿನ 2012ರ ಸಿನಿಮಾದಲ್ಲಿ ಒಂದು ಸೀನ್ ಇದನ್ನು ಹಿಡಿದಿದೆ: ರಾತ್ರಿ, ರಾಡಾರ್ ಸತ್ತಿದೆ, ಸುನಾಮಿ ಎಚ್ಚರಿಕೆಯ ತೇಲುಬುರುಡೆಗಳು ಎಲ್ಲಿ ಅಲುಗುತ್ತವೆ ಎಂದು ನೋಡಿ, ಪರದೆಯ ಚೌಕದ ಹೆಸರು ಕೂಗಿ ಕ್ಷಿಪಣಿ ಬಿಡುತ್ತಾರೆ. ಉಸಿರು ಬಿಗಿಹಿಡಿದು ನೋಡುವಂತಿದೆ. ಆದರೆ ಅದು ಕೆಲವೇ ನಿಮಿಷ. ಉಳಿದದ್ದು ಯಾವ ಅನ್ಯಗ್ರಹದ ಚಿತ್ರಕ್ಕೆ ಬೇಕಾದರೂ ಅಂಟಿಸಬಹುದಾದ ಸ್ಫೋಟ. ಸುಮಾರು 21 ಕೋಟಿ ಡಾಲರ್ ಹಾಕಿ 30 ಕೋಟಿ ಗಳಿಸಿದರು. ಟಿಕೆಟ್ ಹಣದಲ್ಲಿ ಹೆಚ್ಚುಕಮ್ಮಿ ಅರ್ಧ ಥಿಯೇಟರ್‌ಗಳ ಪಾಲು, ಪ್ರಚಾರದ ಖರ್ಚು ಬೇರೆ. ಹಾಗಾಗಿ ಅದು ನಷ್ಟ.

ಲೆಗೊ ಚಿತ್ರ (2014) ತದ್ವಿರುದ್ಧ. ಮೇಲೆ 2×4 ಉಬ್ಬುಗಳಿರುವ ಆರೇ ಆರು ಪ್ಲಾಸ್ಟಿಕ್ ಇಟ್ಟಿಗೆಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದು. ಆದರೂ ಡಬ್ಬಿಯೊಳಗೆ ‘ಹೀಗೇ ಕಟ್ಟು’ ಎಂಬ ಪುಸ್ತಕ ಇರುತ್ತದೆ. ಆ ಜಗಳವೇ ಚಿತ್ರದ ಕಥೆ. ಖಳನ ಅಸ್ತ್ರ ಬಾಂಬಲ್ಲ, ಅಂಟು! ಒಮ್ಮೆ ಅಂಟಿಸಿದರೆ ಮತ್ತೆ ಬಿಚ್ಚಿ ಕಟ್ಟಲಾಗದು, ಆಟ ಮುಗಿದಂತೆ. ಅಂಟಿಸಿಡಲು ಹೊರಟ ಅಪ್ಪ, ಬಿಚ್ಚಿ ಕಟ್ಟಬೇಕೆನ್ನುವ ಮಗ, ಇವರಿಬ್ಬರ ದೃಶ್ಯಕ್ಕೆ ಅಷ್ಟು ತೂಕ ಬರುವುದು ಅದಕ್ಕೇ. ಸುಮಾರು 6 ಕೋಟಿಯಲ್ಲಿ ತಯಾರಾಗಿ 46 ಕೋಟಿಗೂ ಹೆಚ್ಚು ಗಳಿಸಿತು.

ಎಡಿಟ್_ಟೇಬಲ್:
ಇದನ್ನು ಫೈಟಿನ ಮಟ್ಟಕ್ಕೆ ಇಳಿಸಿ ನೋಡೋಣ, ಅಲ್ಲೇ ಕಥೆಯ ಕೊರತೆ ಕಣ್ಣಿಗೆ ಹೊಡೆಯುವುದು. 2007ರ ಆಪ್ಟಿಮಸ್‌ಗೆ 10,108 ಬಿಡಿಭಾಗಗಳಿದ್ದವು. ಭಾರದ ಒಂದೊಂದು ಫ್ರೇಮ್ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಆ ಚಿತ್ರವನ್ನು ಪೂರ್ತಿ ಮೂಡಿಸಲು, 38 ಗಂಟೆವರೆಗೆ ಹಿಡಿಯಿತು. ಸೆಕೆಂಡಿಗೆ 24 ಫ್ರೇಮ್. ಅಷ್ಟು ದುಡಿದ ಮೇಲೂ ಬೂದು ಲೋಹ ಬೂದು ಲೋಹಕ್ಕೆ ಗುದ್ದಿದರೆ, ಶಾಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟಾದರೆ, ಯಾರ ಕೈ ಯಾರ ಕುತ್ತಿಗೆ ಮೇಲಿದೆ ಎಂದೇ ತಿಳಿಯುವುದಿಲ್ಲ.

2009ರ ಒಂದೇ ಚಿತ್ರದಲ್ಲಿ ಎರಡೂ ಬಗೆ ಇವೆ. ಕಾಡಿನ ಹೊಡೆದಾಟ: ಹಸಿರಿನ ನಡುವೆ ಕೆಂಪು ನೀಲಿಯ ಆಪ್ಟಿಮಸ್ ಒಬ್ಬನೇ, ಎದುರಿಗೆ ಮೂವರು. ಪಕ್ಕದಲ್ಲಿ ಕಾಯಬೇಕಾದ ಹುಡುಗ. ಬೆನ್ನಿನಿಂದ ಎದೆಗೆ ಅಲಗು ದಾಟಿದಾಗ ಏನು ಹೋಯಿತೆಂದು ಎಲ್ಲರಿಗೂ ಗೊತ್ತು. ಕೊನೆಯ ಮರಳುಗಾಡಿನ ಯುದ್ಧ ಇದಕ್ಕಿಂತ ಎಷ್ಟೋ ಉದ್ದ. ಸೈನಿಕರು, ರೋಬೋಗಳು, ಪಿರಮಿಡ್ಡು, ಎಲ್ಲವೂ ಇವೆ, ನೆನಪಲ್ಲಿ ಉಳಿಯುವುದು ಧೂಳು. ಎರಡಕ್ಕೂ ನಿರ್ದೇಶಕರು ಒಬ್ಬರೇ, ಗ್ರಾಫಿಕ್ಸೂ ಅದೇ ಬಗೆಯದು.

ಕಾರಣವೂ ಇದೆ. 2007ರ ನವೆಂಬರ್‌ನಿಂದ 2008ರ ಫೆಬ್ರವರಿವರೆಗೆ ಹಾಲಿವುಡ್ ಬರಹಗಾರರ ಮುಷ್ಕರ, ಜೂನ್‌ನಲ್ಲಿ ಚಿತ್ರೀಕರಣ ಶುರು. ಚಿತ್ರಕಥೆ ತಿದ್ದಲು ಸಮಯವೇ ಉಳಿಯಲಿಲ್ಲ. ಅದರ ಮೇಲೆ ಆಟಿಕೆ ಚಿತ್ರಗಳಿಗೆ ಇನ್ನೊಂದು ಬಿಗಿ ಇದೆ: ಬಿಡುಗಡೆಯ ಹೊತ್ತಿಗೆ ಗೊಂಬೆ ಅಂಗಡಿಯಲ್ಲಿರಬೇಕು. ಉಕ್ಕಿನ ಅಚ್ಚು ಕೊರೆಯಲು ತಿಂಗಳುಗಳು ಬೇಕು. ಹಾಗಾಗಿ ಕಥೆ ಗಟ್ಟಿಯಾಗುವ ಮೊದಲೇ ರೋಬೋಗಳ ರೂಪ ಗಟ್ಟಿಯಾಗಿಬಿಡುತ್ತದೆ. ಆಮೇಲೆ ‘ಇವನಿಗೂ ಒಂದು ಸೀನ್ ಬರಿ’ ಎಂಬ ಒತ್ತಡ.

ಹಳೇ_ರೀಲು:
ಹೋಲಿಸಿ ನೋಡಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಎಡಿಟ್_ಟೇಬಲ್:
‘ಬಂಬಲ್‌ಬೀ’ಯ ಆರಂಭದಲ್ಲಿ ರೋಬೋಗಳ ತವರು ಗ್ರಹ ಸೈಬರ್‌ಟ್ರಾನ್‌ನ ಯುದ್ಧವನ್ನು ಸೌಂಡ್ ಆಫ್ ಮಾಡಿ ನೋಡಿ. ಅಲ್ಲಿ ರೋಬೋಗಳು 80ರ ದಶಕದ ಆಟಿಕೆಯ ಬಣ್ಣ, ದಪ್ಪ ಆಕಾರಗಳಲ್ಲೇ ಇವೆ. ಆಮೇಲೆ 2009ರ ಕಾಡಿನ ಸೀನ್, ಕೊನೆಗೆ ಮರಳುಗಾಡಿನದು, ಅವೂ ಮೂಕವಾಗಿಯೇ. ಎರಡೆರಡು ನಿಮಿಷಕ್ಕೊಮ್ಮೆ ನಿಲ್ಲಿಸಿ: ಯಾರು ಎಲ್ಲಿದ್ದಾರೆ, ಏನು ಬೇಕಾಗಿದೆ, ಸೋತರೆ ಏನು ಹೋಗುತ್ತದೆ. ಮೂರಕ್ಕೂ ಉತ್ತರ ಎಲ್ಲಿ ತಪ್ಪುತ್ತದೋ ಆ ನಿಮಿಷ ಬರೆದಿಟ್ಟುಕೊಂಡು ಇಲ್ಲಿ ಹಾಕಿ, ಶಾಟ್ ಶಾಟ್ ಬಿಡಿಸಿ ನೋಡೋಣ.